ಖಾಲಿ ಕ್ಯುವೆಟ್ ಇಟ್ಟು ನೋಡಿದ ಅಕ್ಕ

ಜೋಡಿಗೆ ಆರು ಸಾವಿರ ಕೊಟ್ಟೆ. ಶಿವಾಜಿನಗರದಲ್ಲಿ ಒಂದು ಗಂಟೆ ನಿಂತಿದ್ದರೆ ಅರ್ಧಕ್ಕೆ ಇಳಿಸುತ್ತಿದ್ದೆ, ಇಳಿಸಲಿಲ್ಲ. ಕ್ವಾರ್ಟ್ಜ್ ಕ್ಯುವೆಟ್ಟಿಗೆ ಚೌಕಾಸಿ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಬೆರಳಗಲದ ಆ ಚೌಕ ಪಾತ್ರೆಯನ್ನು ಬೆಳಕಿಗೆ ಹಿಡಿದಾಗ ಅಕ್ಕ ನೆನಪಾದಳು...

ಸ್ವಂತ ಅಕ್ಕನಲ್ಲ, ಜೊತೆಗೆ ಕೆಲಸ ಮಾಡುತ್ತಿದ್ದವಳು. ಆಗ ನಾವಿಬ್ಬರೂ ಇಂದಿರಾನಗರದ ಸಣ್ಣ ತರಬೇತಿ ಲ್ಯಾಬೊಂದರಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆವು. ಕಾಯಂ ಆಗುವುದು ಒಬ್ಬರಿಗೆ ಮಾತ್ರ. ಅವಳು ಗದಗದ ಕಡೆಯವಳು, ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ಬರುತ್ತಿದ್ದಳು. ಪಿಪೆಟ್ ಹಿಡಿದರೆ ಕೈ ಅಲುಗುತ್ತಿರಲಿಲ್ಲ. ಲ್ಯಾಬ್ ನಡೆಸುತ್ತಿದ್ದ ಸರ್ ನನ್ನೆದುರೇ ಅವಳನ್ನು ಹೊಗಳುವರು. ನನಗೆ ಊಟ ಸೇರದು. ನನಗೆ ಬರುತ್ತಿದ್ದುದು ಅಗ್ಗದ ಸಾಮಾನು ತರುವುದೊಂದೇ.

ಡಿಎನ್‌ಎ ಕಾಯಿಸಿದರೆ ಎರಡೆಳೆ ಬಿಚ್ಚಿಕೊಂಡು ಹೆಚ್ಚು ಬೆಳಕು ಹೀರುತ್ತದೆ; ಯಂತ್ರದಲ್ಲಿ ಅಬ್ಸಾರ್ಬೆನ್ಸ್ ಅಂಕಿ ಏರಬೇಕು. ಅವಳು ಮಾಡಿದಾಗ ಒಮ್ಮೆ ಏರಿತು, ಒಮ್ಮೆ ಇಳಿಯಿತು. ಗುಳ್ಳೆಯಿರಬಹುದೆಂದು ತಟ್ಟಿದಳು. ಆವಿಯಾಗುತ್ತಿದೆಯೆಂದು ಮುಚ್ಚಳ ಬಿಗಿದಳು. ಡಿಎನ್‌ಎ ಕರಗಿಸಿದ್ದ ಬಫರ್ ದ್ರಾವಣವನ್ನೇ ಬದಲಿಸಿದಳು. ಸರ್ ಹುಬ್ಬು ಗಂಟಿಕ್ಕಿದರು.

ಎರಡನೇ ದಿನವೇ ನನಗೆ ಗೊತ್ತಾಗಿತ್ತು. ಕ್ವಾರ್ಟ್ಜ್ ಎಂದು ನಂಬಿ ಆ ವಾರ ಅಗ್ಗಕ್ಕೆ ನಾನೇ ತಂದ ಕ್ಯುವೆಟ್ ಅದು. ಅಂಚಿನಲ್ಲಿ ಗಾಜಿನದೆಂಬ ಗುರುತು ಅರ್ಧ ಸವೆದಿತ್ತು. ಬಾಯಿ ಬಿಡಲಿಲ್ಲ. ಒಂದು ಸಲ ಅವಳೂ ಸೋಲಲಿ ಅನಿಸಿತ್ತು...

ಮೂರನೇ ದಿನ ಅವಳು ಏನನ್ನೂ ಹಾಕದೆ, ಬರೀ ಖಾಲಿ ಕ್ಯುವೆಟ್ ಇಟ್ಟು ನೋಡಿದಳು. ಅಂಕಿ ತುದಿಗೇರಿ ನಿಂತಿತು. ಕ್ವಾರ್ಟ್ಜ್ ಹಾಯಲು ಬಿಡುವ, ಡಿಎನ್‌ಎ ಅಳೆಯುವ ನೇರಳಾತೀತ ಬೆಳಕನ್ನು ಗಾಜೇ ನುಂಗುತ್ತಿತ್ತು.

"ತಮ್ಮಾ, ಇದು ನಿನಗ ಗೊತ್ತಿತ್ತೇನು?" ಎಂದಳು.

"ಇಲ್ಲಕ್ಕ."

"ಇಡೀ ಶಿವಾಜಿನಗರ ಮಾರಿ ಬರಾಂವ ನೀ. ನಿನಗ ಗಾಜು ಗೊತ್ತಾಗ್ಲಿಲ್ಲ?"

ಅಷ್ಟೇ. ಸರ್ ಬಳಿ ಹೋಗಿ, ತಾನೇ ಮೊದಲು ಪರೀಕ್ಷಿಸಬೇಕಿತ್ತೆಂದು ಹೇಳಿದಳು, ನನ್ನ ಹೆಸರೆತ್ತಲಿಲ್ಲ. ಕೆಲಸ ಅವಳಿಗಾಯಿತು. ಬೈದಿದ್ದರೆ ಮರೆಯುತ್ತಿದ್ದೆನೇನೋ. ತಪ್ಪನ್ನು ಹೊತ್ತೂ ಅವಳೇ ದೊಡ್ಡವಳಾದದ್ದು ಇನ್ನಷ್ಟು ಉರಿಸಿತು. ಹೊರಬಿದ್ದು ರಾಮಮೂರ್ತಿ ನಗರದಲ್ಲಿ ಲ್ಯಾಬ್ ಸಾಮಾನಿನ ಅಂಗಡಿ ಹಾಕಿದೆ.

ಈ ಜೋಡಿಯನ್ನು ಅದೇ ಲ್ಯಾಬಿಗೆ ಕೊಡಲು ಹೋದೆ. ಅಕ್ಕ ಕಾಯಿಲೆಯಿಂದ ತೀರಿಕೊಂಡಳಂತೆ. ಯಂತ್ರದ ಮೇಲೆ 'ಮೊದಲು ಖಾಲಿ ಕ್ಯುವೆಟ್ ಇಟ್ಟು ನೋಡಿ' ಎಂಬ ಅವಳ ಕೈಬರಹದ ಚೀಟಿ ಇನ್ನೂ ಅಂಟಿತ್ತು, ಹುಡುಗರು ಅದನ್ನೇ ನೋಡಿ ಕೆಲಸ ಮಾಡುತ್ತಿದ್ದರು. ನಿಜ ಹೇಳುತ್ತೇನೆ, ಆಗಲೂ ಹೊಟ್ಟೆ ಉರಿಯಿತು. 'ಗೊತ್ತಿತ್ತಕ್ಕ' ಎನ್ನಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ...

ನಿಮ್ಮ ಅಂಕಿಯೂ ಹೀಗೆ ಹುಚ್ಚಾಟ ಆಡಿದರೆ ಡಿಎನ್‌ಎಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಸಾಮಾನು ತಂದವರನ್ನು ಕರೆದು ಕೇಳಿ. ತಂದವರು ನೀವೇ ಆದರೆ, ಅಳೆಯುವವರು ಕೇಳುವ ಮೊದಲೇ ಹೇಳಿಬಿಡಿ.