ಮಾರಾಟಕ್ಕಿಟ್ಟ ಹೆಸರು

ಗಂಗಾವತಿಯಲ್ಲಿ ನನ್ನ ಕಂಪ್ಯೂಟರ್ ಅಂಗಡಿ ಇದ್ದ ಕಾಲದಲ್ಲಿ, ತೀರಿಹೋದ ಒಬ್ಬರು ಅಲ್ಲಿಗೆ ಬಂದವರನ್ನೆಲ್ಲ ಚಹಾಕ್ಕೆ ಕರೆಯುತ್ತಿದ್ದರು. ಮೂಲೆಯ ಕಂಪ್ಯೂಟರಿನಲ್ಲಿ ಅವರ ವೆಬ್ ಪುಟ ತೆರೆದರೆ ಸಾಕು, ಸ್ಪೀಕರಿನಿಂದ ದನಿ ಬರುತ್ತಿತ್ತು. ಮೊದಲು ತಮ್ಮ ಹೆಸರು, ಆಮೇಲೆ ಗಿರಣಿಯ ವಿಳಾಸ, ಕೊನೆಗೆ "ಬರ್ರಿ, ಒಂದ ಕಪ್ ಚಾ ಕುಡದ ಹೋಗ್ರಿ." ಲಗ್ನಪತ್ರಿಕೆ ಮಾಡಿಸಲು ಬಂದವರು ಯಾರೋ ಕರೆದರೆಂದು ಹಿಂದೆ ತಿರುಗಿ ನೋಡುತ್ತಿದ್ದರು. ಅವರನ್ನು ಬಲ್ಲವರಾಗಿದ್ದರೆ ಮುಖ ಬಿಳಿಚಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

ಈಗ ಅದೇ ವೆಬ್ ವಿಳಾಸ ತೆರೆದರೆ ಬಿತ್ತನೆ ಬೀಜದ ಪೊಟ್ಟಣಗಳ ಚಿತ್ರ ಬರುತ್ತದೆ. ದನಿ ಇಲ್ಲ. ಆದರೂ ನಾನು ಅದನ್ನು ತೆರೆಯುವ ಮೊದಲು ಸ್ಪೀಕರಿನ ಗುಂಡಿ ಕಡಿಮೆ ಮಾಡುತ್ತೇನೆ. ಆ ಅಭ್ಯಾಸ ಹೋಗಿಲ್ಲ, ಭಯವೂ ಪೂರ್ತಿ ಹೋಗಿಲ್ಲ.

ನಾನು ಯಲಬುರ್ಗಾ ಕಡೆಯ ಬೇವೂರಿನವಳು. ಕೊಪ್ಪಳ ಹೊಸದಾಗಿ ಜಿಲ್ಲೆಯಾದಾಗ ಮದುವೆಯಾಗಿ ಗಂಗಾವತಿಗೆ ಬಂದೆ. ಕಾಲುವೆ ನೀರಿನ ಈ ಜನ ನನ್ನನ್ನು "ಜ್ವಾಳದ ಸೀಮಿಯಾಕಿ" ಎಂದು ಕಾಡಿಸುತ್ತಿದ್ದರು. ನಾನೇನು ಬಾಯಿ ಸತ್ತವಳಲ್ಲ. "ಅದಕ್ಕ ನನ್ನ ಹಲ್ಲು ಗಟ್ಟಿ ಅದಾವು, ನಿಮ್ಮವು ಅನ್ನ ತಿಂದ ಅಳ್ಳಾಡಾಕತ್ಯಾವು" ಎನ್ನುತ್ತಿದ್ದೆ. ಟೈಪಿಂಗು, ಪುಟವಿನ್ಯಾಸ ಕಲಿತು ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಕರಪತ್ರ, ಅಕ್ಕಿ ಚೀಲದ ಮೇಲಿನ ಚಿತ್ರ, ಇವೇ ನನ್ನ ಅನ್ನ.

ಚೀಲದ ಚಿತ್ರ ಮಾಡಿಸಲು ಬರುತ್ತಿದ್ದವರಲ್ಲಿ ಒಬ್ಬ ಗಿರಣಿ ಸಾಹುಕಾರರಿದ್ದರು. ಎತ್ತರದ ಆಳು, ದೊಡ್ಡ ನಗೆ. ಅಂಗಡಿಗೆ ಇಂಟರ್ನೆಟ್ ಬಂದ ಹೊಸತರಲ್ಲಿ ಅವರು ನನ್ನ ಹಿಂದೆ ನಿಂತು ನೋಡುತ್ತ ಕೇಳಿದರು.

"ತಂಗಿ, ಇದರಾಗ ನನ್ನ ಹೆಸರಿಂದ ಒಂದ ಜಾಗ ಸಿಗತೈತೇನು?"

ನೋಡಿದೆ. ಸಿಗುವಂತಿತ್ತು. ಹಿಂದೆ ಮುಂದೆ ಏನೂ ಅಂಟಿಸದ ಒಂದೇ ಪದ, ಕೊನೆಗೆ ಡಾಟ್ ಕಾಮ್. ದೇವರ ಹೆಸರು ಅದು, ನಮ್ಮ ಸೀಮೆಯಲ್ಲಿ ಓಣಿಗೊಬ್ಬರಿಗೆ ಇರುತ್ತದೆ. ಆದರೂ ಅಲ್ಲಿಯವರೆಗೆ ಯಾರೂ ಹಿಡಿದಿರಲಿಲ್ಲ.

"ಇಡೀ ಜಗತ್ತಿನ್ಯಾಗ ಈ ಹೆಸರಿಂದು ಇದೊಂದ ಜಾಗ್ರಿ ಸಾವಕಾರ್ರ. ನೀವು ತೊಗೊಂಡ್ರ ಮತ್ತೊಬ್ಬರಿಗೆ ಇಲ್ಲ" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಹೊಲ ಹಿಡಿದವರಿಗೂ ಅಷ್ಟು ಖುಷಿ ಆಗುವುದನ್ನು ನಾನು ಕಂಡಿಲ್ಲ. ಪುಟ ಕಟ್ಟಿದೆ. ಗಿರಣಿಯ ಮುಂದೆ ಕೈಕಟ್ಟಿ ನಿಂತ ಅವರ ಫೋಟೊ ಹಾಕಿದೆ. ಆಗ ಪುಟ ತೆರೆದೊಡನೆ ಹಾಡು ಕೇಳಿಸುವುದು ದೊಡ್ಡ ಶೋಕಿ. ಅವರಿಗೆ ಹಾಡು ಬೇಡ, ತಾವೇ ಮಾತಾಡಬೇಕು. ಅಗ್ಗದ ಮೈಕು ಕೊಟ್ಟು, "ಹೂಂ, ಶುರು ಮಾಡ್ರಿ" ಎಂದೆ. ಅವರು ಹೆಸರು ಹೇಳಿದರು, ವಿಳಾಸ ಹೇಳಿದರು, ಚಹಾಕ್ಕೆ ಕರೆದರು. ನನ್ನ "ಹೂಂ, ಶುರು ಮಾಡ್ರಿ" ಎಂಬುದೂ ಅದರಲ್ಲಿ ಸೇರಿಕೊಂಡಿತ್ತು. ಕತ್ತರಿಸಲು ನನಗೆ ಬರಲಿಲ್ಲ, ಹಾಗೇ ಬಿಟ್ಟೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಹೆಂಗಸರು ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ಆಡುವುದಿಲ್ಲ. ಗಂಡನ ಹೆಸರು ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಸಾಹುಕಾರರಿಗೆ ಇದ್ದದ್ದು ಅವರ ಅಜ್ಜನ ಹೆಸರು. ಹಾಗಾಗಿ ಅವರ ತಾಯಿಗೆ ಮಗನ ಹೆಸರೆಂದರೆ ಮಾವನ ಹೆಸರು. ಮಗನನ್ನು ಹುಟ್ಟಿದಾಗಿನಿಂದ "ಅಜ್ಜಾ" ಎಂದೇ ಕರೆದವರು. ಹೆಂಡತಿಗಂತೂ ಗಂಡನ ಹೆಸರು. ಅವರು "ನಮ್ಮನಿಯವರು" ಎನ್ನುತ್ತಿದ್ದರು. ಲಾರಿಗಟ್ಟಲೆ ಚೀಲದ ಮೇಲೆ ಊರೂರು ತಿರುಗಿದ ಹೆಸರು ಆ ಮನೆಯೊಳಗೆ ಯಾರ ಬಾಯಲ್ಲೂ ಇರಲಿಲ್ಲ. ಕಂಪ್ಯೂಟರ್ ಕಲಿತೆನೆಂದು ನಾನೇನೂ ಬೇರೆಯಲ್ಲ. ನನ್ನ ಗಂಡನ ಹೆಸರನ್ನು ಟೈಪ್ ಮಾಡುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ರಿಯಾಯಿತಿ ಉಂಟು. ಮದುವೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳುವಂತಿಲ್ಲ, ಪ್ರಾಸ ಕೂಡಿಸಿ ಪದ್ಯದಲ್ಲಿ ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಆಮೇಲೂ ಮದುವೆ, ಬಸುರಿಯರ ಕುಬಸಗಳಲ್ಲಿ ಮುತ್ತೈದೆಯರು ಒಬ್ಬರನ್ನೊಬ್ಬರು ಕಾಡಿಸಿ ಹೇಳಿಸಿಕೊಳ್ಳುತ್ತಾರೆ. ಗಂಡ ಹೋದ ಮೇಲೆ ಒಡಪೂ ಹೋಗುತ್ತದೆ.

ಪುಟ ಸಿದ್ಧವಾದ ದಿನ ಸಾಹುಕಾರರು ತಾಯಿ, ಹೆಂಡತಿ ಇಬ್ಬರನ್ನೂ ಅಂಗಡಿಗೆ ಕರೆತಂದರು. ದನಿ ಹೆಸರು ಹೇಳುತ್ತಿದ್ದಂತೆ ಮುದುಕಿ ಗಡಬಡಿಸಿ ತಲೆ ಮೇಲೆ ಸೆರಗು ಎಳೆದುಕೊಂಡರು. ಎಂದೋ ಸತ್ತ ಮಾವ ಎದುರು ಬಂದಂತಾಗಿತ್ತು ಅವರಿಗೆ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಹೆಂಡತಿಯೂ ನಕ್ಕರು, ಬಾಯಿಗೆ ಸೆರಗು ಒತ್ತಿಕೊಂಡು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಗಿರಣಿಯ ಫೋನಿಗೆ ಸಾಹುಕಾರರು ಇಲ್ಲದಾಗ ಅಕ್ಕ ಉತ್ತರ ಕೊಡುತ್ತಿದ್ದರು. ಊರಾಚೆಯ ವ್ಯಾಪಾರಿಗಳು ವೆಬ್‌ಸೈಟಿನ ಹೆಸರೇನು ಎಂದು ಕೇಳಿದರೆ, "ಚೀಲದ ಮ್ಯಾಲ ಐತಿ, ನೋಡ್ಕೊರ್ರಿ" ಎಂದು ಇಟ್ಟುಬಿಡುತ್ತಿದ್ದರು. ಚೀಲ ಇನ್ನೂ ಕೊಳ್ಳದವನು ಎಲ್ಲಿ ನೋಡಿಕೊಳ್ಳಬೇಕು? ಜಗತ್ತಿಗೆಲ್ಲ ಸಾರಲು ಕೊಂಡ ಹೆಸರನ್ನು ಮನೆಯವರೇ ಹೇಳಲಾರರು ಎಂಬುದು ಸಾಹುಕಾರರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಸಾಹುಕಾರರು ಗಿರಣಿಯ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಎದೆನೋವು ಎಂದರು. ಮಗನ ಹಿಂದೆಯೇ ತಾಯಿಯೂ ಹೋದರು. ಅಕ್ಕನ ಒಬ್ಬಳೇ ಮಗಳನ್ನು ಕುಷ್ಟಗಿಗೆ ಕೊಟ್ಟಾಗಿತ್ತು. ಗಿರಣಿ ಅಕ್ಕನ ಮೈದುನನ ಕೈಗೆ ಹೋಯಿತು. ಅವನು ಬೋರ್ಡಿಗೆ ಬೇರೆ ಬಣ್ಣ ಹೊಡೆಸಿ, ಚೀಲದ ಮೇಲೆ ತನ್ನ ಮಗನ ಹೆಸರು ಹಾಕಿಸಿದ. ಆ ಚಿತ್ರವನ್ನೂ ನಾನೇ ಮಾಡಿಕೊಟ್ಟೆ, ಮನಸ್ಸಿಲ್ಲದೆ. ಹಳೆಯ ಹೆಸರು ಉಳಿದದ್ದು ಆ ಪುಟದಲ್ಲಿ ಮಾತ್ರ.

ಡೊಮೇನ್ ಹೆಸರು ಹೊಲದಂತಲ್ಲ, ವರ್ಷ ವರ್ಷ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಹಣ ಕಟ್ಟುವ ದಿನ ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆಯ ಆಸುಪಾಸಿಗೆ ಬರುತ್ತಿತ್ತು. ಅಕ್ಕ ತಪ್ಪದೆ ಬಂದು ಹಣ ಕಟ್ಟಿ, ಮೂಲೆಯ ಕಂಪ್ಯೂಟರಿನ ಮುಂದೆ ಕೂತು ದನಿ ಕೇಳಿ ಹೋಗುತ್ತಿದ್ದರು. "ಎಡಿ ಹಿಡದಂಗ ಆತು" ಎನ್ನುತ್ತಿದ್ದರು. ಯಾರೂ ನೋಡದ ಪುಟಕ್ಕೆ ಯಾಕೆ ಖರ್ಚು, ಬಿಟ್ಟುಬಿಡಿ ಎಂದು ನಾನು ಸಿಡುಕುತ್ತಿದ್ದೆ.

"ಬಿಟ್ರ ಏನಾಕ್ಕೈತಿ?" ಎಂದು ಒಮ್ಮೆ ಕೇಳಿದರು.

"ಯಾರಾರ ಹಿಡಕೊಂತಾರ್ರಿ."

"ಹಿಡಕೊಂಡು?"

"ಏನ ಬೇಕಾದ್ರೂ ಮಾರತಾರ. ಹೊಲಸು ಚಿತ್ರ ಹಾಕವ್ರೂ ಅದಾರ."

ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಹೇಳಿದ್ದು ನಿಜವೇ, ಆದರೆ ಅಂದಿನಿಂದ ಅವರಿಗೆ ನಿದ್ದೆ ಸರಿ ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕೊನೆಗೆ ಅವರೇ ಒಂದು ಮಧ್ಯಾಹ್ನ ಬಂದು ಮಾರಿಸಿಕೊಡು ಎಂದರು. ಅಕ್ಕನೂ ಸೇರಿ ನಾಲ್ಕು ಹೆಂಗಸರು ಖಡಕ್ ರೊಟ್ಟಿ ಮಾಡಿ ಕೊಪ್ಪಳಕ್ಕೆ ಕಳಿಸುತ್ತಿದ್ದರು, ಅದಕ್ಕೊಂದು ಯಂತ್ರ ಬೇಕಿತ್ತು. ನಿಜವಾದ ಮಾತು ಆಮೇಲೆ ಬಂತು.

"ವರ್ಷಕ್ಕೊಮ್ಮಿ ಕೇಳಿ ಹೋಗತೀನಲ್ಲ ತಂಗಿ, ಎಂಟ ದಿನ ಮನಿಯಾಗ ಅದ ದನಿ. ಅಡಗಿ ಮನ್ಯಾಗ ಇದ್ರ ಪಡಸಾಲಿಯಾಗ ಅಂದಂಗ. ಪಡಸಾಲಿಗೆ ಬಂದ್ರ ಹಿತ್ತಲದಾಗ. ನಾ ಚಾ ಇಟ್ಟು ಕಾಯಾಕತ್ತೀನಿ. ನನಗ ಸಾಕಾಗೇತಿ. ಆದ್ರ ಛಲೋ ಮಂದಿ ಕೈಯಾಗ ಕೊಡು. ಅವರ ಹೆಸರು ಬೀದಿ ಪಾಲಾಗಬಾರದು."

ಹೆಸರಿಗೆ ಬೆಲೆ ಕಟ್ಟುವ ವಿದ್ಯೆಯನ್ನು ನಾನು ಓದಿ ಓದಿ ಕಲಿತೆ. ತಾನೇ ಬೆಲೆ ಹೇಳುವ ಜಾಲತಾಣವೊಂದಿತ್ತು, ಅದು ಹೇಳಿದ್ದು ಒಂದು ಕ್ವಿಂಟಲ್ ಅಕ್ಕಿಗೂ ಸಾಲದ ಮಾತು. ಅದಕ್ಕೇನು ಗೊತ್ತು ನಮ್ಮ ದೇವರು? ನಾನೇ ಕೂತು ಲೆಕ್ಕ ಹಾಕಿದೆ. ಹೆಸರು ಚಿಕ್ಕದು. ಒಂದೇ ಪದ. ಡಾಟ್ ಕಾಮ್. ಬಹಳ ವರ್ಷಗಳಿಂದ ಒಂದೇ ಮನೆಯವರ ಕೈಯಲ್ಲಿದೆ, ಕೆಟ್ಟ ಕೆಲಸಕ್ಕೆ ಬಳಸಿಲ್ಲ. ಅದೇ ಹೆಸರಿನ ಅಂಗಡಿ, ಕಂಪನಿಗಳು ರಾಯಚೂರಿನಿಂದ ಹೈದರಾಬಾದಿನವರೆಗೆ ಇವೆ. ಅವರೆಲ್ಲ ಹೆಸರಿನ ಹಿಂದೆ ಮುಂದೆ ಏನೇನೋ ಬಾಲ ಅಂಟಿಸಿಕೊಂಡು ಕೂತಿದ್ದಾರೆ. ಎಲ್ಲಕ್ಕಿಂತ ದೊಡ್ಡ ಗುಣ, ಒಳ್ಳೆಯ ಹೆಸರನ್ನು ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳಬೇಕು. ಈ ಹೆಸರು ಹಾಗಿತ್ತು. ಆ ಕಂಪನಿಗಳಿಗೆಲ್ಲ ಬರೆದ ಮಿಂಚಂಚೆಯಲ್ಲಿ ನಾನು ಇದನ್ನೇ ಮೊದಲ ಸಾಲಿನಲ್ಲಿ ಹೊಗಳಿದೆ.

ಜೊತೆಗೆ ಪುಟದ ಮೇಲೂ ಒಂದು ಸಾಲು ಹಾಕಿದೆ: ಈ ಹೆಸರು ಮಾರಾಟಕ್ಕಿದೆ. ಅಕ್ಕ ಬಂದು ನೋಡಿ ಕೆಂಡವಾದರು.

"ಅವರ ಎದಿ ಮ್ಯಾಲ ಮಾರಾಟಕ್ಕೈತಿ ಅಂತ ಬರದೀಯಲ್ಲ ತಂಗಿ!"

ಹೌದು, ಸಾಲು ಫೋಟೊದ ಎದೆಗೆ ಸರಿಯಾಗಿ ಕೂತಿತ್ತು. ಕೈಕಟ್ಟಿ ನಿಂತ ಸಾಹುಕಾರರು ತಾವೇ ಗಿರಾಕಿ ಕಾಯುವಂತೆ ಕಾಣುತ್ತಿದ್ದರು. ನಾನು ಸಾಲನ್ನು ಅವರ ಕಾಲಿನ ಕೆಳಗೆ ಇಳಿಸಿದೆ. ಆ ಸಂಜೆ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ನನಗೂ ಆ ಕಡೆ ನೋಡಲಾಗಲಿಲ್ಲ, ಪರದೆಯ ಮೇಲೆ ಟವೆಲ್ ಹಾಕಿ ಕೂತೆ.

ಮೊದಲು ಕೇಳಿ ಬಂದವನು ಮದ್ಯದ ವ್ಯಾಪಾರಿ. ಒಳ್ಳೆಯ ಬೆಲೆಗೇ ಬಂದ. ಅಕ್ಕ ಏನು ಮಾರುತ್ತಾನೆಂದು ಕೇಳಿ, ಎದ್ದು ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದರು. ಅದೇ ಉತ್ತರ. ಆಮೇಲೆ ಹೈದರಾಬಾದಿನ ಬೀಜದ ಕಂಪನಿಯೊಂದು ದಲ್ಲಾಳಿಯ ಮೂಲಕ ಬಂತು.

"ಬೀಜ ಅಂದ್ರ ನಡಿತೈತಿ. ಅವರಿಗೂ ಸೇರತಿತ್ತು" ಎಂದರು ಅಕ್ಕ.

ಎಲ್ಲ ಮುಗಿದು ಒಂದೇ ಬಾಕಿ ಉಳಿಯಿತು. ಹೆಸರು ಈಗ ಅಕ್ಕನ ಮಾಲೀಕತ್ವದಲ್ಲಿ ಇದ್ದುದರಿಂದ, ದಲ್ಲಾಳಿ ಫೋನು ಮಾಡುತ್ತಾನೆ, ಅಕ್ಕ ತಮ್ಮ ಬಾಯಿಂದಲೇ ಒಪ್ಪಿಗೆ ಹೇಳಬೇಕು, ಅದು ರೆಕಾರ್ಡ್ ಆಗುತ್ತದೆ. ಇಷ್ಟೇ ತಾನೇ ಎಂದುಕೊಂಡೆ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಕೊನೆಗೊಮ್ಮೆ ಪುಟ ತೆರೆ ಎಂದರು. ತೆರೆದೆ. ಮೊದಲು ನನ್ನದೇ ಹಳೆಯ ದನಿ, "ಹೂಂ, ಶುರು ಮಾಡ್ರಿ." ಆಮೇಲೆ ಅವರು. ಹೆಸರು, ವಿಳಾಸ, ಚಹಾ. ಅಕ್ಕ ಅಳಲಿಲ್ಲ.

ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ನಮಸ್ಕಾರಮ್ಮಾ. ನೀವು ಮಾರ್ತಿರೋ ಹೆಸರು ಯಾವುದು, ಒಂದ್ಸಾರಿ ಹೇಳಿ."

ಅಕ್ಕ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಷ್ಟೆಲ್ಲ ಲೆಕ್ಕ ಹಾಕಿ ಬೆಲೆ ಕಟ್ಟಿದವಳಿಗೆ ಇದು ಹೊಳೆದಿರಲಿಲ್ಲ.

"ನಮ್ಮನಿಯವರ ಹೆಸರ್ರಿ" ಎಂದರು ಅಕ್ಕ.

"ಅದೇ ಅಮ್ಮಾ, ಯಾವುದು?"

"ಚೀಲದ ಮ್ಯಾಲ ಇತ್ತಲ್ರಿ."

"ಚೀಲ ಏನಮ್ಮಾ?"

ನನಗೆ ರೇಗಿತು. ನಾನೇ ಹೆಸರು ಹೇಳಿದೆ. "ನೀವಲ್ಲಮ್ಮಾ, ಮಾಲೀಕರು ಹೇಳ್ಬೇಕು" ಎಂದ. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಕಣಪ್ಪ ಎಂದು ವಿವರಿಸಿದೆ. "ತೀರಿಕೊಂಡಿದ್ದಾರಲ್ಲ ಅಮ್ಮಾ" ಎಂದ ಅವನು. ಕೆಟ್ಟವನಲ್ಲ, ಕೆಲಸ ಮುಗಿಸುವ ಅವಸರ ಅವನಿಗೆ.

ಅಕ್ಕ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. "ಅಂದ್ರ ಆಯುಷ್ಯ ಕಡಿಮಿ ಆಕ್ಕೈತಿ ಅಂತಿದ್ರು ತಂಗಿ. ನಾ ಒಂದಿನಾನೂ ಅನ್ನಲಿಲ್ಲ. ಸಿಟ್ಟಿಗೆದ್ದಾಗೂ ಅನ್ನಲಿಲ್ಲ. ಆದ್ರೂ ಹ್ವಾದ್ರು."

ಬೇಡವಾದರೆ ಬಿಡೋಣ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಹೂಂ, ಶುರು ಮಾಡ್ರಿ" ಎಂದೆ.

ಅಕ್ಕ ಕೈ ತೆಗೆದರು. ಸೆರಗನ್ನು ತಲೆ ತುಂಬ ಹೊದ್ದುಕೊಂಡರು. ಕಣ್ಣು ನೆಲಕ್ಕೆ ಹಾಕಿ, ಮದುವಣಗಿತ್ತಿಯ ಸಣ್ಣ ದನಿಯಲ್ಲಿ ಒಡಪು ಹೇಳಿದರು.

"ಸೇರಕ್ಕಿ ಕಾಲಾಗ ಚೆಲ್ಲಿ ಹೊಸ್ತಿಲ ದಾಟಿ ಬಂದೀನಿ, ಊರ ಮಂದಿ ಕೇಳ್ಯಾರಂತ..."

ಹೆಸರು ಹೇಳಿದರು. ಆಮೇಲೆ "ಅವರ ಹೆಸರ ಅಂದೀನಿ" ಎಂದು ಮುಗಿಸಿದರು. ವಿಧವೆಯ ಬಾಯಲ್ಲಿ ಒಡಪು ನಾನು ಕೇಳಿದ್ದು ಅದೊಂದೇ ಸಲ.

ಆ ಕಡೆ ದಲ್ಲಾಳಿ ಮೆತ್ತಗೆ ಕೆಮ್ಮಿದ.

"ಸಾರಿ ಅಮ್ಮಾ, ಪದ್ಯದಲ್ಲಿ ಹೆಸರು ಸರಿಯಾಗಿ ಕೇಳಿಸಲಿಲ್ಲ. ಬರೀ ಹೆಸರು ಹೇಳಿಬಿಡಿ."

ಅಕ್ಕ ತಲೆ ಎತ್ತಿದರು. ಎರಡನೇ ಸಲ ಒಡಪಿರಲಿಲ್ಲ, "ಅವರು" ಇರಲಿಲ್ಲ. ಊಟಕ್ಕೆ ಹೊತ್ತಾಯಿತೆಂದು ಪಡಸಾಲೆಯಲ್ಲಿದ್ದವರನ್ನು ಅಡುಗೆಮನೆಯಿಂದ ಕರೆಯುವ ಹಾಗೆ, ಗಟ್ಟಿಯಾಗಿ, ಬರೀ ಹೆಸರು ಕರೆದರು.

ದಲ್ಲಾಳಿ ಫೋನು ಯಾವಾಗ ಇಟ್ಟನೋ ಗೊತ್ತಿಲ್ಲ. ನಾವಿಬ್ಬರೂ ಬಾಗಿಲ ಕಡೆ ನೋಡುತ್ತ ಕೂತಿದ್ದೆವು.