ಸಾಹೇಬರು ಬರುವ ಮೊದಲೇ ನಾಟಿಯಾದ ಗದ್ದೆ

ಮೂರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೂ ಇದನ್ನು ಬರೆಯಲೇಬೇಕು, ಒಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ.

ನನ್ನ ಮೊಮ್ಮಗಳು ಕೃಷಿ ಓದಿದವಳು. ಓದು ಮುಗಿಸಿ ಬುಕ್ಕಸಾಗರಕ್ಕೆ ಬಂದವಳೇ, ಹೊಸದಾಗಿ ಬೇಸಾಯಕ್ಕೆ ಇಳಿಯುವವರಿಗೆ ತರಬೇತಿ ಕೊಡುತ್ತೇನೆ, ಕುರಿ ಸಾಕುವುದನ್ನೂ ಕಲಿಸುತ್ತೇನೆ, ಅದಕ್ಕೆ ಅನುದಾನ ಕೇಳುತ್ತೇನೆ ಎಂದು ಹಟ ಹಿಡಿದಳು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿ ಸಾಕಾದ ಹುಡುಗರು, ಬಂಡ್ರಿ ಕಡೆ ಗಣಿ ಕೂಲಿ ಬಿಟ್ಟ ಹೆಣ್ಣುಮಕ್ಕಳು ಅವಳ ಹತ್ತಿರ ಹೆಸರು ಕೊಟ್ಟಿದ್ದರು. ಮನೆಯಲ್ಲಿ ತುಂಡು ಹೊಲವಿದ್ದರೂ ಕೆಸರಿಗೆ ಕಾಲಿಟ್ಟವರಲ್ಲ. ಅರ್ಜಿ ಎರಡು ಸಲ ತಿರುಗಿ ಬಂತು. ಮತ್ತೆ ಹಾಕಿದಾಗ ಹೊಸಪೇಟೆಯ ಕಚೇರಿಯಿಂದ ಫೋನ್: ನಾಳೆ ಬರುತ್ತೇವೆ, ಕಲಿಯುವವರು ನಾಟಿ ಮಾಡುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಅನುದಾನದ ಮಾತು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಮನೆಗೂ ಹೋಗಿ, "ನಾಳೆ ಸಾಹೇಬ್ರು ನಮ್ಮ ಗದ್ದಿ ನೋಡಾಕ ಬರ್ತಾರ್ರೇ!" ಎಂದು ಸಾರಿ ಬಂದೆ.

ಬೆಳಿಗ್ಗೆ ಬಸ್ಸಿಳಿದ ಕಲಿಯುವವರನ್ನು ಕರೆದುಕೊಂಡು ಗದ್ದೆಗೆ ಹೋದರೆ, ಗದ್ದೆ ಪೂರಾ ಹಸಿರು! ಒಂದು ಸಸಿ ಇಡಲೂ ಜಾಗವಿಲ್ಲ. ಪಕ್ಕದ ಮನೆಯವಳು ತನ್ನ ಗುಂಪು ಕಟ್ಟಿಕೊಂಡು ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದಳು.

"ನಸುಕಿನ್ಯಾಗ ಬಂದು ಹಚ್ಚಿ ಮುಗಿಸೀವಿ ನೋಡವಾ! ಸಾಹೇಬ್ರು ಬಂದಾಗ ಗದ್ದಿ ಬೋಳಾಗಿ ಕಂಡ್ರ ನಮ್ಮೂರ ಮಾನ ಏನಾಗಬೇಕು?"

ಮೊಮ್ಮಗಳು ಬದುವಿನ ಮೇಲೆ ಕುಸಿದು ಕೂತು ಪಕ್ಕದ ಮನೆಯವಳ ಕಡೆ ನೋಡಿದಳು. "ಬೋಳಾಗೇ ಇರಬೇಕಿತ್ತು ದೊಡ್ಡವ್ವಾ. ಈಗ ಇವರು ಎಲ್ಲಿ ನಾಟಿ ಮಾಡ್ಬೇಕು? ಅಜ್ಜೀ, ಊರೆಲ್ಲಾ ಸಾರಿ ಬಾ ಅಂತ ನಿನಗ ಯಾರು ಹೇಳಿದ್ರು?"

"ಹಂಗಾದ್ರ ಒಂದಿಷ್ಟು ಕಿತ್ತು ಬಿಡ್ಲೇನು?" ಎಂದಳು ಪಕ್ಕದ ಮನೆಯವಳು.

"ಸುಮ್ನಿರಲೇ! ಹಚ್ಚಿದ ಸಸಿ ಕೀಳ್ತಾರೇನು?" ಎಂದೆ ನಾನು.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಇಳಿದದ್ದು ಸಾಹೇಬರಲ್ಲ, ಒಬ್ಬರು ಮೇಡಂ. ಗದ್ದೆ ನೋಡಿ, "ಚೆನ್ನಾಗಿದೆ. ನಿಮ್ಮವರೇ ಮಾಡಿದ್ದಾ?" ಎಂದರು. ಮೊಮ್ಮಗಳು ಸುಳ್ಳು ಹೇಳಲಿಲ್ಲ. "ಇಲ್ಲ ಮೇಡಂ, ಊರಿನವರು ಮಾಡಿದ್ದು."

"ಹಾಗಾದರೆ ನಾನೇನು ನೋಡಲಿ?"

ಮೊಮ್ಮಗಳು ನನ್ನ ಕಡೆ ತಿರುಗಿದಳು. ಆಗ ನನಗೆ ಎಲ್ಲಿಂದ ಹೊಳೆಯಿತೋ! ನಮ್ಮಲ್ಲಿ ಯಾರಾದರೂ ನಮ್ಮ ಗದ್ದೆಗೆ ಕೈ ಹಚ್ಚಿದರೆ ನಾವೂ ಅವರ ಗದ್ದೆಗೆ ಹೋಗಿ ಅಷ್ಟೇ ಕೆಲಸ ಮಾಡಿಕೊಡಬೇಕು. ಅದೇ ಮುಯ್ಯಿ.

"ಮೇಡಂ, ಇವರ ಮುಯ್ಯಿ ತೀರಿಸಬೇಕಲ್ರೀ! ಈ ಬದುವಿನ ಆಚೆ ಇರೋ ಗದ್ದಿ ಇಕಿದೇ. ಕೆಸರು ಮಾಡಿ ಬಿಟ್ಟಾಳ. ನಮ್ಮ ಹುಡುಗ್ರು ಈಗ್ಲೇ ಇಳೀತಾರ, ಬರ್ರಿ!"

ಪಕ್ಕದ ಮನೆಯವಳ ಮುಖ ನೋಡಬೇಕಿತ್ತು. "ಅಯ್ಯಯ್ಯೋ, ಇವರ ಕೈಯಾಗ ನನ್ನ ಗದ್ದಿನಾ?"

ಇಳಿದರು. ತೋರಣಗಲ್ಲಿನ ಹುಡುಗ ಮೊಣಕಾಲವರೆಗೆ ಹೂತು ಅಲ್ಲೇ ನಿಂತುಬಿಟ್ಟ. ಬಂಡ್ರಿಯವಳ ಸಾಲು ಹಾವಿನಂತೆ ಹರಿಯಿತು. ಗದ್ದೆಯ ಒಡತಿ ಸುಮ್ಮನಿರುತ್ತಾಳೆಯೇ? ಸೆರಗು ಕಟ್ಟಿ ತಾನೂ ಇಳಿದಳು. "ಸಸಿ ಹಚ್ಚಾಕ ಬಂದೀಯೋ ಹೂಳಾಕ ಬಂದೀಯೋ? ಅಷ್ಟು ಒತ್ತಬ್ಯಾಡಲೇ! ಬೆರಳು ಹಿಂಗ ಇಡು." ಅವಳ ಗುಂಪಿನವರೂ ಬಂದು ಒಬ್ಬೊಬ್ಬರ ಪಕ್ಕ ನಿಂತರು. ಬೈಗುಳ, ನಗು, ಕೆಸರು! ಮೇಡಂ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತು ನಕ್ಕರು.

"ಎಲ್ಲಾ ಪಾಠನೂ ಹೀಗೇ ಮಾಡೋಕಾಗುತ್ತಾ?" ಎಂದು ಅವರು ಕೇಳಿದ್ದೇ ತಡ, ಮೊಮ್ಮಗಳಿಗೆ ಜೀವ ಬಂತು. "ಆಗುತ್ತೆ ಮೇಡಂ. ಇವರು ಊರಿನವರ ಗದ್ದೆಯಲ್ಲಿ ಕಲೀಲಿ. ನಾಳೆ ಇವರದೇ ಬೇಸಾಯ ಶುರುವಾದಾಗ, ಊರಿನವರು ಮುಯ್ಯಿಗೆ ಹೋಗ್ತಾರೆ. ಹೊಸಬರು ಒಬ್ಬಂಟಿ ಆಗಲ್ಲ." ಮೇಡಂ, "ಅದನ್ನೇ ಅರ್ಜಿಗೆ ಸೇರಿಸಿ" ಎಂದು ಹೇಳಿ ಹೊರಟರು.

ಮುಂದಿನ ಫೋನ್ ಬಂದಾಗ ನಾವಿಬ್ಬರೂ ಕಂಪ್ಲಿ ಬಸ್ಸಿನಲ್ಲಿದ್ದೆವು. ಅವಳು ಕೇಳಿಸಿಕೊಂಡು, ನನ್ನ ಕೈ ಹಿಚುಕಿ, "ಮಂಜೂರಾತಜ್ಜೀ!" ಎಂದಳು. ನಾನು ಕೂಗಿದ ಕೂಗಿಗೆ ಡ್ರೈವರ್ ಬ್ರೇಕ್ ಹಾಕಿಬಿಟ್ಟ. ಸಿಹಿ ಎಲ್ಲಿಂದ ತರಲಿ? ಚೀಲದಲ್ಲಿದ್ದ ಬಾಳೆಹಣ್ಣನ್ನೇ ಬಸ್ಸಿಗೆಲ್ಲ ಹಂಚಿದೆ.

ಕಂಡಕ್ಟರ್ ಸುಲಿಯುತ್ತಾ ಕೇಳಿದ, "ಏನಜ್ಜೀ, ಮೊಮ್ಮಗಳ ಮದುವಿ ಗೊತ್ತಾತೇನು?"

"ಮದುವಿ ಯಾವಾಗಾದ್ರೂ ಆಗ್ತೈತಿ ಬಿಡಪಾ," ಎಂದೆ, "ಅನುದಾನ ಆತು, ಅನುದಾನ! ತಗೋ, ಇನ್ನೊಂದು ತಿನ್ನು!"