ನೆರಳಿಗೊಂದು ಚೀಟಿ

“ಕಿಡ್ನಿ ಸ್ಟೋನು, ಎಡಗಡೆ. ಹೋದ್ಸಲ ಒಬ್ರು ಬಲಗಡೆ ಅಂದು ಫೇಲಾದ್ರು,” ಎಂದು ಮಂಚದ ಮೇಲೆ ಮಲಗಿದ್ದ ಹೆಂಗಸು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ತೊಂಬತ್ತರ ದಶಕದ ಕೊನೆ. ನನ್ನ ಎಂಬಿಬಿಎಸ್ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆಗೆಂದು ಕರೆತಂದು ಮಲಗಿಸುವ ರೋಗಿಗಳಿಗೆ ನಮಗಿಂತ ಹೆಚ್ಚು ವೈದ್ಯಶಾಸ್ತ್ರ ಗೊತ್ತಿರುತ್ತದೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಹೂವು ಮಾರುವ ಈಕೆಗೆ ಅದು ಮೂರನೇ ಪರೀಕ್ಷೆ. ಒಮ್ಮೆ ಫೇಲಾಗಿದ್ದ ನನಗೆ ಎರಡನೆಯದು.

ನಮ್ಮ ಮೇಷ್ಟ್ರೇ ಪರೀಕ್ಷಕರು. ಎಡಗಡೆ ಎಂದೆ, ತಲೆಯಾಡಿಸಿದರು. ರೋಗಿಗೆ ಏನು ಸಲಹೆ ಕೊಡುತ್ತೀಯ ಎಂದು ಕೇಳಿದರು. ನೀರು ಜಾಸ್ತಿ ಕುಡಿಯಬೇಕು, ಬಿಸಿಲಿಗೆ ಹೋಗದೆ ನೆರಳಲ್ಲಿ ಕೂರಬೇಕು ಎಂದು ಗಿಳಿಪಾಠ ಒಪ್ಪಿಸಿದೆ.

ಆಕೆ ಎದ್ದು ಕೂತರು. “ನನ್ ತಲೆ ಮೇಲಿದ್ದ ಮರ ಕಡಿದು ಎರಡು ವರ್ಷ ಆಯ್ತು ಸ್ವಾಮಿ. ಕಲ್ಲು ಬಂದಿದ್ದು ಆಮೇಲೇನೇ. ನೆರಳು ಯಾವ ಅಂಗಡೀಲಿ ಸಿಗುತ್ತೆ, ಚೀಟೀಲಿ ಬರ್ಕೊಡಿ.”

ಮೇಷ್ಟ್ರು ಕೆಮ್ಮಿದರು. ಭೂಮಿ ಬಿಸಿಯಾದರೆ ಮನುಷ್ಯರ ಮೈಗೆ ಏನಾಗುತ್ತದೆ ಎಂಬ ಪಾಠವನ್ನು, ಪರೀಕ್ಷೆಗೆ ಬರುವುದಿಲ್ಲ ಬಿಡಿ ಎಂದು ಕ್ಲಾಸಿನಲ್ಲಿ ಹಾರಿಸಿದ್ದವರು ಅವರೇ.

ಈಗ ಆ ಪಾಠ ಮಾಡುವ ಮೇಷ್ಟ್ರು ನಾನು. ರೋಗಿಗೆ ನೆರಳಲ್ಲಿ ಕೂರಲು ಹೇಳಬೇಕು ಎಂದಷ್ಟೇ ಬರೆದವರ ಉತ್ತರದ ಪಕ್ಕ ‘ಯಾವ ಮರದ್ದು?’ ಎಂದು ಕೆಂಪು ಇಂಕಿನಲ್ಲಿ ಗೀಚಿ ಅಂಕ ಕತ್ತರಿಸುತ್ತೇನೆ. ಅದೇ ಉತ್ತರಕ್ಕೆ ಅವತ್ತು ನನಗೆ ಪೂರ್ತಿ ಅಂಕ ಸಿಕ್ಕಿತ್ತು.